ಅಡುಗೆಮನೆಯ ವಿಜ್ಞಾನಿ ಆಗ್ನೆಸ್ ಪೊಕೆಲ್ಸ್

ತುಪ್ಪ ಹತ್ತಿದ ಪಾತ್ರೆಗಳನ್ನು ತೊಳೆದ ನೀರಿನ ಮೇಲೆ ಜಿಡ್ಡು ಹರಡುವುದನ್ನು, ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ನಾವು ನಿತ್ಯವೂ ಕಂಡೆವು. ಅದರಲ್ಲೊಂದು ಶಾಸ್ತ್ರವಿದೆಯೆಂದು ಒಮ್ಮೆಯೂ ತೋಚಲಿಲ್ಲ. ತೋಚಿದ್ದು ಜರ್ಮನಿಯ ಬ್ರೌನ್‌ಶ್ವೈಗ್ ನಗರದ ಒಬ್ಬ ಗೃಹಿಣೀಸಮಾನ ಕುಮಾರಿಗೆ.

ಆಗ್ನೆಸ್ ಪೊಕೆಲ್ಸ್‌ರವರು 1862ನೆಯ ಇಸವಿ ಫೆಬ್ರವರಿ 14ರಂದು ವೆನಿಸ್ಸಿನಲ್ಲಿ ಜನಿಸಿದರು. ತಂದೆ ಆಸ್ಟ್ರಿಯದ ಸೈನ್ಯಾಧಿಕಾರಿ. ಮಲೇರಿಯದಿಂದ ಕೃಶರಾಗಿ 1871ರಲ್ಲಿ ನಿವೃತ್ತರಾಗಲು ಕುಟುಂಬವು ಬ್ರೌನ್‌ಶ್ವೈಗಿನಲ್ಲಿ ನೆಲಸಿತು. ಬಾಲಿಕಾ ಪಾಠಶಾಲೆಯೊಡನೆ ಆಕೆಯ ವಿದ್ಯಾಭ್ಯಾಸ ಮುಗಿಯಿತು. ಅಲ್ಲಿನ ವಿಶ್ವವಿದ್ಯಾನಿಲಯಗಳು ಆಗ ಸ್ತ್ರೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ರೋಗಿಗಳಾದ ತಾಯಿತಂದೆಗಳ ಶುಶ್ರೂಷೆ, ಅಡುಗೆ, ಪಾತ್ರೆಪರಡಿ ಇವೇ ಪಾಲಿಗೆ ಬಂದವು. ಗ್ಯೊಟಿಂಗೆನ್ನಿನಲ್ಲಿ ಓದುತ್ತಿದ್ದ ತಮ್ಮ ಫ್ರೀಡ್ರಿಖ್ ಭೌತಶಾಸ್ತ್ರದ ಪುಸ್ತಕಗಳನ್ನು ಒದಗಿಸುತ್ತಿದ್ದನು.

ಇಪ್ಪತ್ತರ ಪ್ರಾಯದಲ್ಲಿ ಆಕೆ ಉದ್ದವಾದ ತಗಡಿನ ತೊಟ್ಟಿಗೆ ಅಂಚಿನವರೆಗೆ ನೀರು ತುಂಬಿ, ಅಡ್ಡಲಾಗಿ ಒಂದು ತಗಡಿನ ಪಟ್ಟಿಯನ್ನಿಟ್ಟರು. ಪಟ್ಟಿಯನ್ನು ಸರಿಸಿದಂತೆ ಜಿಡ್ಡು ಹರಡುವ ಸ್ಥಳ ಹಿಗ್ಗುವುದು, ಕುಗ್ಗುವುದು. ತಕ್ಕಡಿಗೆ ತೂಗುಬಿಟ್ಟ ಪುಟ್ಟ ಬಿಲ್ಲೆಯನ್ನು ನೀರಿನಿಂದ ಬಿಡಿಸಲು ಬೇಕಾದ ಭಾರವನ್ನಳೆದು ಮೇಲ್ಮೈಯ ಎಳೆತವನ್ನು ಕಂಡುಕೊಂಡರು. ಸ್ಥಳ ಧಾರಾಳವಾಗಿರುವಷ್ಟು ಕಾಲ ಎಳೆತ ಬದಲಾಗದು. ಒಂದು ಮಿತಿ ಮೀರಿ ಒತ್ತರಿಸಿದೊಡನೆ ಥಟ್ಟನೆ ಇಳಿಯುವುದು. ಆ ಮಿತಿಯಲ್ಲಿ ಅಣುಗಳು ಒಂದಕ್ಕೊಂದು ತಗಲಿ, ಒಂದೇ ಅಣುವಿನ ದಪ್ಪದ ಪದರವಾಗಿರುವುವೆಂದು ಮುಂದೆ ವ್ಯಕ್ತವಾಯಿತು.

ಸುಮಾರು ಹತ್ತು ವರ್ಷ ಇದು ಅಚ್ಚಾಗಲಿಲ್ಲ. ಇಂಗ್ಲೆಂಡಿನ ಲಾರ್ಡ್ ರೇಲೀಯವರೂ ಎಣ್ಣೆಯ ಪದರಗಳನ್ನು ಪರೀಕ್ಷಿಸುತ್ತಿರುವರೆಂದು ತಿಳಿದು, 1891ರ ಜನವರಿಯಲ್ಲಿ ಆಕೆ ಅವರಿಗೆ ಜರ್ಮನ್ ಭಾಷೆಯಲ್ಲಿ ಪತ್ರ ಬರೆದರು. ರೇಲೀಯವರ ಪತ್ನಿ ಅದನ್ನು ಅನುವಾದಿಸಿದರು. ರೇಲೀಯವರು ಅದನ್ನು ತಮ್ಮ ಲೇಖನದಲ್ಲಿ ಅಡಗಿಸಿಕೊಳ್ಳದೆ, ಆಕೆಯ ಹೆಸರಿನಲ್ಲಿಯೇ ‘ನೇಚರ್’ ಪತ್ರಿಕೆಗೆ ಕಳುಹಿಸಿದರು. ಮಾರ್ಚಿ 12ರಂದು ಪ್ರಕಟವಾಯಿತು. ಇಂತಹ ದೊಡ್ಡತನವನ್ನು ನಾವು ವ್ಯವಹಾರದಲ್ಲಿ ಹೆಚ್ಚಾಗಿ ಕಂಡಿಲ್ಲ.

ಆ ತೊಟ್ಟಿಯನ್ನು 1917ರಲ್ಲಿ ಸುಧಾರಿಸಿದ ಅಮೆರಿಕದ ಲಾಂಗ್ಮ್ಯೂರರಿಗೆ 1932ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಅದೇ ವರ್ಷ, ಎಪ್ಪತ್ತರ ಪೊಕೆಲ್ಸ್‌ರಿಗೆ ಬ್ರೌನ್‌ಶ್ವೈಗಿನ ತಾಂತ್ರಿಕ ವಿದ್ಯಾಲಯವು ಗೌರವ ಡಾಕ್ಟರೇಟು ನೀಡಿತು. 1935ರ ನವೆಂಬರ್ 21ರಂದು ಆಕೆ ತೀರಿಕೊಂಡರು.

ನೀರಿನ ಮೇಲಿನ ಪದರವು ತರುವಾಯ ಲೋಹಕ್ಕೂ ಏರಿತು. ಪ್ಲಾಟಿನಂ ತಗಡನ್ನು ದ್ರಾವಣದಲ್ಲಿ ಅದ್ದಿದರೆ ಅಣುಗಳು ತಾವಾಗಿಯೇ ಸಾಲುಗಟ್ಟಿ ನಿಲ್ಲುವುದನ್ನು 1946ರಲ್ಲಿ ಜಿಸ್ಮನ್ ಮತ್ತು ಸಂಗಡಿಗರು ತೋರಿಸಿದರು. ಗಂಧಕವುಳ್ಳ ಅಣುಗಳು ಚಿನ್ನಕ್ಕೆ ಬಿಗಿಯಾಗಿ ಅಂಟಿ ನಿಲ್ಲುವುದನ್ನು 1983ರಲ್ಲಿ ನುಝೋ ಮತ್ತು ಅಲಾರಾ. ನಮ್ಮ ಕಸ್ಬಾಕ್ಕೆ ಸಮೀಪದ ಜಾದವಪುರದಲ್ಲಿ, ಹಿಂದೆ ಬಹುಬಜಾರಿನಲ್ಲಿದ್ದಾಗ ರಾಮನ್‌ರವರು ದುಡಿದ ವಿಜ್ಞಾನ ಸಂಸ್ಥೆಯಲ್ಲಿಯೂ ಇಂತಹ ತೆಳುಪದರಗಳ ಅಧ್ಯಯನ ನಡೆದಿದೆ. ಅದಕ್ಕೆ ಬಳಸುವ, ಸರಿಯುವ ಪಟ್ಟಿಯುಳ್ಳ ತೊಟ್ಟಿಗೆ ಲೋಕವಿಟ್ಟಿರುವ ಹೆಸರು ಮಾತ್ರ ಲಾಂಗ್ಮ್ಯೂರರದು.