ಭಿಕ್ಷು ಇತ್ಸಿಂಗನೂ ಶ್ರೀವಿಜಯವೂ

ಚೀನದೇಶದ ಯಾತ್ರಿಕರೆಂದೊಡನೆ ನಮ್ಮ ವಾಚಕರಿಗೆ ಮೊದಲು ನೆನಪಾಗುವವನು ಹ್ಯೂಯೆನ್‌ತ್ಸಾಂಗ್. ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಕಂಡು ಅಲ್ಲಿಯ ಜನರ ಶೌರ್ಯವನ್ನೂ ಸ್ವಾಭಿಮಾನವನ್ನೂ ಬರೆದಿಟ್ಟು ಹೋದವನಾದುದರಿಂದ ಕನ್ನಡಿಗರು ಆತನನ್ನು ಕೃತಜ್ಞತೆಯಿಂದ ಸ್ಮರಿಸುವುದು ಸಹಜವೇ ಆಗಿದೆ. ಆತನು ಸ್ವದೇಶಕ್ಕೆ ಹಿಂದಿರುಗಿದುದು ಕ್ರಿ. ಶ. ೬೪೫ರಲ್ಲಿ. ಅದಾದ ಇಪ್ಪತ್ತಾರು ವರ್ಷಗಳಿಗೆ ಅದೇ ದೇಶದಿಂದ ಹೊರಟ ಇತ್ಸಿಂಗನೆಂಬ ಭಿಕ್ಷುವಿನ ಹೆಸರಾದರೋ ನಮ್ಮ ಪಾಠಪುಸ್ತಕಗಳಲ್ಲಿ ಒಂದೆರಡು ಸಾಲುಗಳಲ್ಲಿಯೇ ಮುಗಿದುಹೋಗುತ್ತದೆ. ಮೊದಲಿನವನು ಮರುಭೂಮಿಯನ್ನೂ ಹಿಮಪರ್ವತಗಳನ್ನೂ ದಾಟಿ ಬಂದನು. ಇವನು ಸಮುದ್ರಮಾರ್ಗವಾಗಿ ಬಂದನು. ಹಾಗೆ ಬಂದುದರಿಂದಲೇ ಭಾರತಕ್ಕೂ ಚೀನಕ್ಕೂ ನಡುವೆ ಇರುವ ದ್ವೀಪಗಳ ವಿಷಯವಾಗಿ ಮತ್ತಾರೂ ಹೇಳದ ಸಂಗತಿಗಳನ್ನು ಇವನು ಹೇಳಿದ್ದಾನೆ. ಆ ಸಂಗತಿಗಳು ನಮ್ಮ ಹೆಮ್ಮೆಯನ್ನು ಹೆಚ್ಚಿಸತಕ್ಕವು. ಜೊತೆಯಲ್ಲಿಯೇ ಅದನ್ನು ತಿದ್ದತಕ್ಕವೂ ಆಗಿವೆ.

ಇತ್ಸಿಂಗನು ಹುಟ್ಟಿದುದು ಕ್ರಿ. ಶ. ೬೩೫ರಲ್ಲಿ, ಉತ್ತರ ಚೀನದಲ್ಲಿ. ಏಳನೆಯ ವಯಸ್ಸಿನಲ್ಲಿಯೇ ಅವನನ್ನು ವಿಹಾರಕ್ಕೆ ಸೇರಿಸಿದರು. ಹನ್ನೆರಡನೆಯ ವಯಸ್ಸಿನಲ್ಲಿ, ತಂದೆಯಂತೆ ನೋಡಿಕೊಂಡಿದ್ದ ಮೊದಲನೆಯ ಗುರುವು ತೀರಿಕೊಂಡನು. ಎರಡನೆಯ ಗುರುವು ವಿನಯಪಿಟಕದಲ್ಲಿ, ಎಂದರೆ ಭಿಕ್ಷುಗಳ ಆಚಾರನಿಯಮಗಳಲ್ಲಿ, ಬಹು ನಿಷ್ಠುರನಾದವನು. ಆ ನಿಯಮಗಳನ್ನು ಓದುತ್ತ ಓದುತ್ತ ಶಿಷ್ಯನಿಗೆ ಸಂಶಯಗಳು ಹುಟ್ಟಿದುವು. ಚೀನದ ವಿಹಾರಗಳಲ್ಲಿ ನಡೆಯುವ ಆಚಾರಕ್ಕೂ ಗ್ರಂಥದಲ್ಲಿ ಹೇಳಿರುವುದಕ್ಕೂ ಎಷ್ಟೋ ಕಡೆ ಹೊಂದಿಕೆಯಿರಲಿಲ್ಲ. ಮೂಲವನ್ನು ಹುಟ್ಟಿದ ನೆಲದಲ್ಲಿಯೇ ನೋಡಿ ಬರಬೇಕೆಂಬ ಹಂಬಲವು ಹದಿನೆಂಟನೆಯ ವಯಸ್ಸಿನಲ್ಲಿಯೇ ಮೂಡಿತು. ಅದು ಕೈಗೂಡಿದುದು ಮೂವತ್ತೇಳನೆಯ ವಯಸ್ಸಿನಲ್ಲಿ.

ಹೊರಡುವಾಗ ಜೊತೆಗೆ ಬರುವೆವೆಂದು ಮಾತು ಕೊಟ್ಟ ಭಿಕ್ಷುಗಳು ಹಲವರಿದ್ದರು. ಒಬ್ಬನಿಗೆ ಮನೆಯಲ್ಲಿ ವೃದ್ಧಮಾತೆ. ಮತ್ತೊಬ್ಬನ ಮನಸ್ಸು ಬೇರೆ ಕಡೆಗೆ ತಿರುಗಿತು. ಕಡೆಗೆ ಉಳಿದವನು ಒಬ್ಬ ಎಳೆಯ ಭಿಕ್ಷು ಮಾತ್ರವೇ. ಇತ್ಸಿಂಗನು ಮೊದಲನೆಯ ಗುರುವಿನ ಸಮಾಧಿಗೆ ಹೋಗಿ ನಮಸ್ಕರಿಸಿ, ಎರಡನೆಯ ಗುರುವಿನ ಅಪ್ಪಣೆ ಪಡೆದು, ೬೭೧ರ ಚಳಿಗಾಲದಲ್ಲಿ ಕ್ಯಾಂಟನ್ ಬಂದರಿನಿಂದ ಒಬ್ಬ ಪಾರಸಿಕ ವರ್ತಕನ ಹಡಗನ್ನು ಹತ್ತಿದನು. ಇಪ್ಪತ್ತು ದಿನಗಳು ತುಂಬುವುದರೊಳಗಾಗಿ ಹಡಗು ಸುಮಾತ್ರಾ ದ್ವೀಪದಲ್ಲಿ ಶ್ರೀವಿಜಯರಾಜ್ಯದ ರಾಜಧಾನಿಯನ್ನು ಮುಟ್ಟಿತು. ಅದು ಇಂದಿನ ಪಾಲೆಂಬಾಂಗ್ ನಗರವಿರುವ ಸ್ಥಳವೆಂದು ವಿದ್ವಾಂಸರು ನಿರ್ಣಯಿಸಿದ್ದಾರೆ.

ಇಲ್ಲಿಗೆ ಬಂದ ಮೇಲೆ ಅವನು ಮಾಡಿದ ಕೆಲಸವೇ ಗಮನಿಸತಕ್ಕದ್ದು. ಭಾರತಕ್ಕೆ ಹೊರಟವನು ನೇರವಾಗಿ ಭಾರತಕ್ಕೆ ಹೋಗಲಿಲ್ಲ. ಆರು ತಿಂಗಳು ಶ್ರೀವಿಜಯದಲ್ಲಿ ನಿಂತು ಶಬ್ದವಿದ್ಯೆಯನ್ನು, ಎಂದರೆ ಸಂಸ್ಕೃತವ್ಯಾಕರಣವನ್ನು, ಅಭ್ಯಾಸಮಾಡಿದನು. ಚೀನದ ಭಿಕ್ಷುವು ಸಂಸ್ಕೃತದ ಪಾಠವನ್ನು ಸುಮಾತ್ರಾ ದ್ವೀಪದಲ್ಲಿ ಕಲಿತನೆಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು. ಜೊತೆಗೆ ಬಂದಿದ್ದ ಎಳೆಯ ಭಿಕ್ಷುವು ಅಲ್ಲಿ ರೋಗದಿಂದ ಬಿದ್ದು ಊರಿಗೆ ಮರಳಿದನು. ಇತ್ಸಿಂಗನು ಒಬ್ಬಂಟಿಗನಾದನು. ಆಗ ಅವನಿಗೆ ಆಶ್ರಯಕೊಟ್ಟವನು ಅಲ್ಲಿಯ ಅರಸು. ಆ ಅರಸನ ನೆರವಿನಿಂದ ಮಲಯು ರಾಜ್ಯದಲ್ಲಿ ಎರಡು ತಿಂಗಳಿದ್ದು, ಮಲಯ ಪರ್ಯಾಯದ್ವೀಪದ ಕೆಡಾ ರೇವನ್ನು ಸೇರಿ, ಅಲ್ಲಿಂದ ಅರಸನ ಹಡಗಿನಲ್ಲಿಯೇ ಪಶ್ಚಿಮಕ್ಕೆ ಹೊರಟನು. ದಾರಿಯಲ್ಲಿ ಬತ್ತಲೆ ಜನರ ದ್ವೀಪವೊಂದನ್ನು ಕಂಡನು. ನಿಕೋಬಾರ್ ದ್ವೀಪಗಳೆಂದು ಅದನ್ನು ಊಹಿಸಲಾಗಿದೆ. ಹಡಗು ಕಂಡೊಡನೆ ಅಲ್ಲಿಯ ಜನರು ದೋಣಿಗಳಲ್ಲಿ ತೆಂಗಿನಕಾಯಿ, ಬಾಳೆಹಣ್ಣು, ಬೆತ್ತ ಬಿದಿರುಗಳ ಸಾಮಾನುಗಳನ್ನು ತುಂಬಿಕೊಂಡು ಬಂದು, ಅವಕ್ಕೆ ಬದಲಾಗಿ ಕಬ್ಬಿಣವನ್ನು ಬೇಡಿದರಂತೆ. ೬೭೩ನೆಯ ವರ್ಷದ ಎರಡನೆಯ ತಿಂಗಳಲ್ಲಿ ಅವನು ವಂಗದೇಶದ ತಾಮ್ರಲಿಪ್ತಿಯಲ್ಲಿ ಇಳಿದನು.

ತಾಮ್ರಲಿಪ್ತಿಯಲ್ಲಿ ಒಂದು ವರ್ಷ ಸಂಸ್ಕೃತವನ್ನು ಮುಂದುವರಿಸಿ, ಅನಂತರ ವರ್ತಕರ ಗುಂಪಿನೊಡನೆ ಮಗಧಕ್ಕೆ ನಡೆದನು. ದಾರಿಯಲ್ಲಿ ಜ್ವರ ಬಂದು ನಡೆಯಲಾರದೆ ಹಿಂದೆ ಬಿದ್ದನು. ಸಂಜೆಯ ವೇಳೆಯಲ್ಲಿ ಕಳ್ಳರು ಬಿಲ್ಲು ಹಿಡಿದು ಬಂದು, ಮೈಮೇಲಿನ ಬಟ್ಟೆಯನ್ನೂ ಬಿಡದೆ ಸುಲಿದರು. ಆ ಪ್ರಾಂತದಲ್ಲಿ ಬಿಳಿಯ ಮೈಯವನು ಸಿಕ್ಕಿದರೆ ದೇವತೆಗೆ ಬಲಿಕೊಡುವರೆಂಬ ಮಾತು ಅವನ ಕಿವಿಗೆ ಬಿದ್ದಿದ್ದಿತು. ಅದಕ್ಕಾಗಿ ಕೆಸರಿನ ಹೊಂಡದಲ್ಲಿಳಿದು ಮೈಗೆಲ್ಲ ಮಣ್ಣು ಬಳಿದುಕೊಂಡು, ಎಲೆಗಳನ್ನು ಸುತ್ತಿಕೊಂಡು, ಕೋಲೂರಿಕೊಂಡು ನಡೆದು, ನಡುರಾತ್ರಿಯ ಹೊತ್ತಿಗೆ ಸಂಗಡಿಗರನ್ನು ಸೇರಿದನು. ಇಷ್ಟು ಕಷ್ಟಪಟ್ಟು ಸೇರಿದ ನಾಲಂದೆಯಲ್ಲಿ ಹತ್ತು ವರ್ಷಗಳ ಕಾಲ ನೆಲೆಸಿದನು.

ನಮ್ಮ ವಿದ್ಯಾಭ್ಯಾಸದ ಕ್ರಮವನ್ನು ಅವನಷ್ಟು ವಿವರವಾಗಿ ಬರೆದ ಪರದೇಶೀಯರು ಆ ಕಾಲದಲ್ಲಿ ಮತ್ತಾರೂ ಇಲ್ಲ. ಎಂಟು ವರ್ಷದ ಹುಡುಗರು ಪಾಣಿನಿಯ ಸೂತ್ರಗಳನ್ನು ಎಂಟು ತಿಂಗಳಲ್ಲಿ ಬಾಯಿಪಾಠ ಮಾಡುತ್ತಿದ್ದರೆಂದೂ, ಹದಿನೈದನೆಯ ವಯಸ್ಸಿನಲ್ಲಿ ಕಾಶಿಕಾವೃತ್ತಿಯನ್ನು ತೊಡಗಿ ಐದು ವರ್ಷಗಳಲ್ಲಿ ಅದರ ಅರ್ಥವನ್ನು ಹಿಡಿಯುತ್ತಿದ್ದರೆಂದೂ ಅವನು ತಿಳಿಸಿದ್ದಾನೆ. ಪಾಠಶಾಲೆಯ ಜಗುಲಿಯ ಮೇಲೆ ಕುಳಿತು ಅಷ್ಟಾಧ್ಯಾಯಿಯನ್ನು ಒಪ್ಪಿಸಿದವರಿಗೆ ಈ ಮಾತನ್ನು ಓದುವಾಗ ಎಷ್ಟು ಸಂತೋಷವಾಗುವುದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

೬೮೫ರಲ್ಲಿ ಐದು ಲಕ್ಷ ಶ್ಲೋಕಗಳಷ್ಟು ಪರಿಮಾಣದ ಸಂಸ್ಕೃತ ಗ್ರಂಥಗಳೊಡನೆ ಅವನು ತಾಮ್ರಲಿಪ್ತಿಯಿಂದ ಹಿಂದಿರುಗಿದನು. ಚೀನಕ್ಕೆ ಹೋದನೇ? ಇಲ್ಲ, ಮತ್ತೆ ಶ್ರೀವಿಜಯದಲ್ಲಿಯೇ ಇಳಿದು, ಅಲ್ಲಿ ಕುಳಿತು ಭಾಷಾಂತರಕ್ಕೆ ತೊಡಗಿದನು. ಅಲ್ಲಿ ಸಾವಿರಕ್ಕೂ ಮಿಕ್ಕ ಭಿಕ್ಷುಗಳಿದ್ದರೆಂದೂ, ಅವರ ಪಾಠಕ್ರಮವೂ ಆಚಾರವೂ ಮಧ್ಯದೇಶದವುಗಳಿಗೆ ಸಮನಾಗಿದ್ದುವೆಂದೂ, ಭಾರತಕ್ಕೆ ಹೋಗಬಯಸುವ ಚೀನೀಯನು ಒಂದೆರಡು ವರ್ಷ ಅಲ್ಲಿದ್ದು ಅಭ್ಯಾಸಮಾಡಿ ಮುಂದಕ್ಕೆ ಹೋಗುವುದೇ ಲೇಸೆಂದೂ ಅವನು ಬರೆದಿದ್ದಾನೆ. ಅಲ್ಲಿಯ ಆಚಾರ್ಯನಾದ ಶಾಕ್ಯಕೀರ್ತಿಯನ್ನು ನಾಲಂದೆಯ ಪಂಡಿತರ ಸಾಲಿನಲ್ಲಿಯೇ ಎಣಿಸಿದ್ದಾನೆ. ವರ್ಷದಲ್ಲಿ ಎರಡು ಸಲ ಮಧ್ಯಾಹ್ನದ ಹೊತ್ತು ಮನುಷ್ಯನ ನೆರಳು ಬೀಳುವುದಿಲ್ಲವೆಂಬುದನ್ನೂ ಗುರುತಿಸಿ, ಭೂಮಧ್ಯರೇಖೆಯ ಸಮೀಪದ ಆ ಊರಿಗೆ ತಕ್ಕ ಸಾಕ್ಷ್ಯವನ್ನು ಉಳಿಸಿಹೋಗಿದ್ದಾನೆ. ಉಪವಾಸದ ದಿನಗಳಲ್ಲಿ ಭಿಕ್ಷುಗಳಿಗೆ ಅಲ್ಲಿಯ ಗೃಹಸ್ಥರು ಅಡಿಕೆಯನ್ನೂ ಸುಗಂಧತೈಲವನ್ನೂ ಕೊಟ್ಟು, ಹೊಲಿದ ಅಗಲವಾದ ಎಲೆಗಳಲ್ಲಿ ಬಡಿಸುತ್ತಿದ್ದ ಕ್ರಮವನ್ನು ಅವನ ಗ್ರಂಥದಲ್ಲಿ ಓದಿದರೆ ನಮ್ಮ ಊರಿನ ಸಮಾರಾಧನೆಯೇ ಕಣ್ಣಮುಂದೆ ಬರುತ್ತದೆ.

ಆದರೆ ಈ ಎಲ್ಲವೂ ನಮ್ಮಿಂದಲೇ ಅವರಿಗೆ ಹೋದುವೆಂದು ಎಣಿಸುವುದು ಅವಸರದ ಮಾತಾದೀತು. ಅಡಿಕೆಯ ಮರದ ತವರು ಆ ಪೂರ್ವದ್ವೀಪಗಳೇ ಎಂದು ಸಸ್ಯಶಾಸ್ತ್ರಜ್ಞರು ಹೇಳುತ್ತಾರೆ. ನಾವು ಮಂಗಳಕಾರ್ಯಗಳಲ್ಲಿ ಮುಂದಿಡುವ ತಾಂಬೂಲವು ಅವರಿಂದ ನಮಗೆ ಬಂದ ಉಡುಗೊರೆ.

೬೮೯ರಲ್ಲಿ ಒಂದು ವಿಚಿತ್ರ ಪ್ರಸಂಗವು ನಡೆಯಿತು. ಕಾಗದವೂ ಮಸಿಯೂ ಮುಗಿದುಹೋಗಿ, ಪ್ರತಿಮಾಡುವ ಲೇಖಕರಿಗೆ ಕೊಡಲು ಹಣವೂ ಇಲ್ಲದೆ, ಇವನ್ನು ಕಳುಹಿಸಬೇಕೆಂದು ಕ್ಯಾಂಟನಿಗೆ ಪತ್ರ ಬರೆದು, ಹೊಳೆಯಲ್ಲಿ ನಿಂತಿದ್ದ ಹಡಗಿಗೆ ಅದನ್ನು ಕೊಡಲು ಹೋದನು. ಅಷ್ಟರಲ್ಲಿ ಅನುಕೂಲವಾದ ಗಾಳಿಯೆದ್ದಿತು, ಹಾಯಿ ಬಿಚ್ಚಿದರು, ಇಳಿಯಲು ಅವಕಾಶವೇ ಆಗಲಿಲ್ಲ. ಹದಿನೆಂಟು ವರ್ಷಗಳ ಮೇಲೆ ಸ್ವದೇಶದ ನೆಲವನ್ನು ಹೀಗೆ ಅನಿರೀಕ್ಷಿತವಾಗಿ ಮೆಟ್ಟಿದವನ ಮನಸ್ಸೆಲ್ಲ ಶ್ರೀವಿಜಯದಲ್ಲಿ ಬಿಟ್ಟು ಬಂದ ಗ್ರಂಥಗಳ ಮೇಲೆಯೇ ಇದ್ದಿತು. ನಾಲ್ವರು ಸಹಾಯಕರನ್ನು ಕೂಡಿಸಿಕೊಂಡು, ಅದೇ ವರ್ಷದ ಚಳಿಗಾಲದಲ್ಲಿ ಮತ್ತೆ ಕಡಲನ್ನು ದಾಟಿ ಕೆಲಸಕ್ಕೆ ಕುಳಿತನು. ೬೯೨ರಲ್ಲಿ ತನ್ನ ಎರಡು ಗ್ರಂಥಗಳನ್ನು ಚೀನಕ್ಕೆ ಕಳುಹಿಸಿದನು. ಒಂದು, ಭಾರತದಲ್ಲಿಯೂ ದಕ್ಷಿಣಸಮುದ್ರದ ದ್ವೀಪಗಳಲ್ಲಿಯೂ ನಡೆಯುವ ಬೌದ್ಧಾಚಾರಗಳ ವರ್ಣನೆ. ಅದರಲ್ಲಿ ನಾಲ್ವತ್ತು ಅಧ್ಯಾಯಗಳಿವೆ. ಮತ್ತೊಂದು, ಧರ್ಮವನ್ನು ಅರಸಿಹೋದ ಐವತ್ತಕ್ಕೂ ಮಿಕ್ಕ ಭಿಕ್ಷುಗಳ ಚರಿತ್ರೆ.

ಈ ಎರಡನೆಯ ಗ್ರಂಥವು ಮರೆತುಹೋಗಬಹುದಾಗಿದ್ದ ಜನರ ಹೆಸರುಗಳನ್ನು ಕಾಪಾಡಿದೆ. ಚಾಂಗ್‌ಮಿನ್ ಎಂಬ ಭಿಕ್ಷುವು ಮಲಯು ದೇಶಕ್ಕೆ ಹೋಗುತ್ತಿದ್ದಾಗ ಹಡಗು ಮುಳುಗತೊಡಗಿತು. ಹಡಗಿನ ಯಜಮಾನನು ಅವನನ್ನು ಚಿಕ್ಕ ದೋಣಿಗೆ ಕರೆದರೂ, ಆ ಸ್ಥಳವನ್ನು ಬೇರೆಯವರಿಗೆ ಬಿಟ್ಟು, ಕೈಮುಗಿದು ಬುದ್ಧನಾಮವನ್ನು ಸ್ಮರಿಸುತ್ತ ಮುಳುಗಿದನು. ಹ್ಯೂಯಿನಿಂಗ್ ಎಂಬವನು ಜಾವಾ ದ್ವೀಪಕ್ಕೆ ಹೋಗಿ ಅಲ್ಲಿಯ ಜ್ಞಾನಭದ್ರನೊಡನೆ ಮೂರು ವರ್ಷವಿದ್ದು ನಿರ್ವಾಣಸೂತ್ರದ ಭಾಗವೊಂದನ್ನು ಚೀನೀಭಾಷೆಗೆ ತಂದನು. ಅದನ್ನು ಚೀನಕ್ಕೆ ಒಯ್ದ ಶಿಷ್ಯನು ಇಂದಿನ ಉತ್ತರ ವಿಯೆಟ್ನಾಮಿನವನು. ದ್ವೀಪಗಳ ಭಾಷೆಯನ್ನೂ ಸಂಸ್ಕೃತವನ್ನೂ ಬಲ್ಲವನು. ಕಡೆಗೆ ಶ್ರೀವಿಜಯದಲ್ಲಿಯೇ ನೆಲೆಸಿಬಿಟ್ಟನು. ಅವನ ಹುಟ್ಟುನಾಡು ಆಗ ಚೀನದ ಚಕ್ರಾಧಿಪತ್ಯಕ್ಕೆ ಒಳಪಟ್ಟಿದ್ದಿತು. ಅಲ್ಲಿ ಚೀನದ ಲಿಪಿಯೂ ಚೀನದ ವಿದ್ಯೆಯೂ ಬೇರೂರಿದ್ದುವು. ಅದಕ್ಕೆ ತೆಂಕಣದಲ್ಲಿಯೇ ಇದ್ದ ಚಂಪಾರಾಜ್ಯದಲ್ಲಿ ಅರಸರು ಶಿವನನ್ನು ಭದ್ರೇಶ್ವರನೆಂದು ಪೂಜಿಸಿ, ಸಂಸ್ಕೃತದಲ್ಲಿ ಶಾಸನಗಳನ್ನು ಬರೆಯಿಸುತ್ತಿದ್ದರು. ಎರಡು ನಾಗರಿಕತೆಗಳು ಹೀಗೆ ಒಂದರ ಪಕ್ಕದಲ್ಲಿ ಒಂದು ಬೆಳೆಯುತ್ತಿದ್ದುವು. ಒಂದು ಕಡೆ ರಾಜ್ಯಾಧಿಕಾರದ ಬಲವಿದ್ದಿತು. ಮತ್ತೊಂದು ಕಡೆ ಅಂತಹ ಬಲವೇನೂ ಇಲ್ಲದೆ, ಅಲ್ಲಿಯ ಅರಸರೇ ಬೇಕೆಂದು ತರಿಸಿಕೊಂಡ ವಿದ್ಯೆಯಿದ್ದಿತು.

೬೯೫ರಲ್ಲಿ, ಅರವತ್ತು ಮೀರಿದ ಪ್ರಾಯದಲ್ಲಿ, ಇತ್ಸಿಂಗನು ರಾಜಧಾನಿಯಾದ ಲೋಯಾಂಗ್ ನಗರವನ್ನು ಸೇರಿದನು. ಆಗ ಸಿಂಹಾಸನದಲ್ಲಿದ್ದವಳು ವೂ ಸಾಮ್ರಾಜ್ಞಿ. ಆಕೆಯೇ ಪೂರ್ವದ ಹೆಬ್ಬಾಗಿಲಿನ ಹೊರಗೆ ಬಂದು ಅವನನ್ನು ಎದುರುಗೊಂಡಳು. ಸುಮಾರು ನಾನೂರು ಗ್ರಂಥಗಳು ಅವನ ಸಂಗಡ ಬಂದಿದ್ದುವು. ಉಳಿದ ಹದಿನೆಂಟು ವರ್ಷಗಳನ್ನು ಅವನು ಭಾಷಾಂತರದಲ್ಲಿಯೇ ಕಳೆದು, ಐವತ್ತಾರು ಗ್ರಂಥಗಳನ್ನು ಇನ್ನೂರ ಮೂವತ್ತು ಸಂಪುಟಗಳಲ್ಲಿ ಮುಗಿಸಿ, ೭೧೩ರಲ್ಲಿ ಚೀನೀಯರ ಎಣಿಕೆಯಂತೆ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟನು.

ಆಮೇಲೆ ಶ್ರೀವಿಜಯವು ಜನರ ನೆನಪಿನಿಂದ ಅಳಿಸಿಹೋಯಿತು. ಫ್ರೆಂಚ್ ವಿದ್ವಾಂಸನಾದ ಸೆದೆಸ್ ಎಂಬಾತನು ೧೯೧೮ರಲ್ಲಿ ಇತ್ಸಿಂಗನ ಮಾತನ್ನೂ ಶಾಸನಗಳನ್ನೂ ಹೋಲಿಸಿ, ಅದು ಒಂದು ರಾಜ್ಯದ ಹೆಸರೆಂದು ತೋರಿಸಿದನು. ೧೯೨೦ರಲ್ಲಿ ಪಾಲೆಂಬಾಂಗಿನ ಬಳಿ ಎರಡು ಶಿಲಾಶಾಸನಗಳು ದೊರೆತುವು. ಒಂದು ಶಕವರ್ಷ ೬೦೪ರದು, ಎಂದರೆ ಕ್ರಿ. ಶ. ೬೮೨, ಮತ್ತೊಂದು ೬೮೪ರದು. ಎರಡನೆಯದರಲ್ಲಿ ಜಯನಾಶನೆಂಬ ಅರಸನು ತೆಂಗು, ಅಡಿಕೆ ಮೊದಲಾದ ಮರಗಳ ಉದ್ಯಾನವನ್ನು ಮಾಡಿಸಿ, ಅದರ ಪುಣ್ಯವು ಸಕಲ ಪ್ರಾಣಿಗಳಿಗೂ ಸಲ್ಲಲೆಂದು ಹರಸಿದ್ದಾನೆ. ಇತ್ಸಿಂಗನು ಭಾರತದಿಂದ ಮರಳಿ ಅಲ್ಲಿ ಇಳಿದುದು ಅದರ ಮಾರನೆಯ ವರ್ಷವೇ. ಶಾಸನದ ಲಿಪಿಯು ದಕ್ಷಿಣ ಭಾರತದ್ದು. ನಮ್ಮ ಹಳಗನ್ನಡ ಅಕ್ಷರಗಳ ದಾಯಾದಿಯಾದ ಲಿಪಿ. ಧರ್ಮವಿಚಾರದ ಪದಗಳು ಸಂಸ್ಕೃತದವು. ಆದರೆ ಭಾಷೆಯು ಮಾತ್ರ ಅವರ ಹಳೆಯ ಮಲಯು ಭಾಷೆ. ಕನ್ನಡಿಗರಾದ ನಮಗೆ ಇದು ಹೊಸತಲ್ಲ. ಸಂಸ್ಕೃತವನ್ನು ಗೌರವಿಸಿ, ಅದರ ಪದಗಳನ್ನು ತುಂಬಿಕೊಂಡು, ತನ್ನ ನುಡಿಯನ್ನೇ ಕಲ್ಲಿನ ಮೇಲೆ ನಿಲ್ಲಿಸಿದ ಕೆಲಸವನ್ನು ನಮ್ಮ ಹಿರಿಯರೂ ಮಾಡಿದ್ದಾರೆ.

ಕಲ್ಕತ್ತೆಯಲ್ಲಿ ೧೯೨೬ರಲ್ಲಿ ಬೃಹತ್ತರ ಭಾರತದ ಸಂಘವು ಸ್ಥಾಪಿತವಾಯಿತು. ಪರಾಧೀನರಾಗಿದ್ದ ನಮಗೆ ಆ ವಿದ್ವಾಂಸರು ಪೂರ್ವದ್ವೀಪಗಳ ದೇವಾಲಯಗಳನ್ನು ತೋರಿಸಿ ಧೈರ್ಯವನ್ನು ತುಂಬಿದರು. ಅದಕ್ಕಾಗಿ ಅವರಿಗೆ ನಾವು ಋಣಿಗಳು. ಆದರೆ ಆ ದ್ವೀಪಗಳನ್ನು ಭಾರತದ ಪುರಾತನ ವಸಾಹತುಗಳೆಂದು ಕರೆಯುವ ವಾಡಿಕೆಯು ಅದೇ ಉತ್ಸಾಹದಿಂದ ಬೆಳೆಯಿತು. ವಸಾಹತಿನ ದುಃಖವನ್ನು ಉಂಡ ಜನರಾದ ನಾವು ಆ ಹೆಸರನ್ನು ಬೇರೊಬ್ಬರ ನಾಡಿಗೆ ಅಂಟಿಸುವುದು ಉಚಿತವಲ್ಲ. ಚರಿತ್ರೆಯೂ ಅದನ್ನು ಒಪ್ಪುವುದಿಲ್ಲ. ಇತ್ಸಿಂಗನನ್ನು ಭಾರತದ ದಾರಿಗೆ ಹತ್ತಿಸಿದುದು ಶ್ರೀವಿಜಯದ ಅರಸನ ಹಡಗು. ಅವನಿಗೆ ಆಶ್ರಯಕೊಟ್ಟವನು ಅಲ್ಲಿಯ ದೊರೆ. ಅವನು ಸಂಸ್ಕೃತಾಭ್ಯಾಸಮಾಡಿದುದು ಅಲ್ಲಿಯ ವಿಹಾರದಲ್ಲಿ. ಒಂಬತ್ತನೆಯ ಶತಮಾನದಲ್ಲಿ ಸುವರ್ಣದ್ವೀಪದ ಬಾಲಪುತ್ರನು ನಾಲಂದೆಯಲ್ಲಿಯೇ ಒಂದು ವಿಹಾರವನ್ನು ಕಟ್ಟಿಸಲು, ಪಾಲವಂಶದ ದೇವಪಾಲನು ಅದಕ್ಕೆ ಐದು ಗ್ರಾಮಗಳನ್ನು ಬಿಟ್ಟುಕೊಟ್ಟನು. ಹನ್ನೊಂದನೆಯ ಶತಮಾನದಲ್ಲಿ ವಂಗದೇಶದ ಮಹಾಪಂಡಿತ ಅತೀಶನು ಸುವರ್ಣದ್ವೀಪಕ್ಕೆ ಹೋಗಿ ಧರ್ಮಕೀರ್ತಿಯೆಂಬ ಗುರುವಿನ ಬಳಿ ಹನ್ನೆರಡು ವರ್ಷ ಶಿಷ್ಯವೃತ್ತಿಯಲ್ಲಿದ್ದನು. ಕಲಿಸಿದವರೇ ಮರಳಿ ಕಲಿಯಲು ಹೋದುದಕ್ಕೆ ಇದಕ್ಕಿಂತ ಬೇರೆ ದೃಷ್ಟಾಂತವು ಬೇಕಾಗಿಲ್ಲ.

ನಮ್ಮ ಪಾಠಶಾಲೆಗಳ ಕ್ರಮವನ್ನು ಬರೆದಿಟ್ಟವನು ಚೀನೀಯನು. ಅವನು ಅದನ್ನು ಬರೆದು ಕಳುಹಿಸಿದುದು ಸುಮಾತ್ರಾ ದ್ವೀಪದಿಂದ. ಆ ವಿಷಯಗಳು ಇಂದು ನಮಗೆ ತಿಳಿಯುತ್ತಿರುವುದು ಈ ಇಬ್ಬರ ಉಪಕಾರದಿಂದ. ಪೂರ್ವಜರ ಕೀರ್ತಿಯನ್ನು ಹೊಗಳುವಾಗ ಈ ಉಪಕಾರವನ್ನೂ ಸೇರಿಸಿ ಹೇಳುವುದೇ ನ್ಯಾಯ. ಸಂದೇಹವು ಬಂದಾಗ ಮೂಲವನ್ನು ಹುಡುಕಿಕೊಂಡು ಇಪ್ಪತ್ತೈದು ವರ್ಷ ಅಲೆದು, ಕಂಡುದನ್ನು ಕಂಡಂತೆ ಬರೆದವನ ಚರಿತ್ರೆಯಿಂದ ನಮ್ಮ ತರುಣರು ಕಲಿಯಬೇಕಾದುದೂ ಇದನ್ನೇ.