ಕೃಷ್ಣದೇವರಾಯ ಮತ್ತು ನಾಯಕರ ಖರ್ಚಿನ ಲೆಕ್ಕ

ಐಪಿಎಲ್ ಹರಾಜು ನೋಡೋರಿಗೆಲ್ಲ ಪರ್ಸ್ ಅಂದ್ರೆ ಏನು ಅಂತ ಗೊತ್ತು. 2025ರ ಸೀಸನ್‌ಗೆ ಒಂದೊಂದು ತಂಡಕ್ಕೆ 120 ಕೋಟಿ ರೂಪಾಯಿ ಮಿತಿ ಇತ್ತು. ಫುಟ್‌ಬಾಲ್‌ನ ಐಎಸ್‌ಎಲ್‌ನಲ್ಲೂ ಸಂಬಳಕ್ಕೆ ಮಿತಿ ಹಾಕಿದ್ದಾರೆ. ದುಡ್ಡಿರೋ ಒಬ್ಬನೇ ಒಳ್ಳೆ ಆಟಗಾರರನ್ನೆಲ್ಲ ಕೊಂಡುಕೊಂಡರೆ ಪೈಪೋಟಿಯೇ ಉಳಿಯಲ್ಲ. ನಮ್ಮ ಕಂಪ್ಲಿಗೆ ಹತ್ತಿರದ ಹಂಪಿಯಲ್ಲಿ 500 ವರ್ಷದ ಹಿಂದೆ ಕೃಷ್ಣದೇವರಾಯನಿಗೂ ಹೆಚ್ಚುಕಡಿಮೆ ಇದೇ ಚಿಂತೆ ಇತ್ತು.

ಅವನ ತಂದೆ ತುಳುವ ನರಸನಾಯಕ, ಸಾಳುವ ರಾಜರ ಸೇನಾಪತಿ. ಸೇನಾಪತಿಯ ಕೈ ಬಲವಾಗಿ ಕೊನೆಗೆ ಸಿಂಹಾಸನವೇ ಈ ಮನೆತನಕ್ಕೆ ಬಂತು. ಅಣ್ಣ ವೀರನರಸಿಂಹ ತೀರಿಕೊಂಡ ಮೇಲೆ, 1509ರಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದ. ದೊಡ್ಡದಾಗಿ ಬೆಳೆದ ನಾಯಕ ರಾಜನನ್ನೇ ಪಕ್ಕಕ್ಕೆ ಸರಿಸಬಹುದು ಅನ್ನೋದು ಅವನ ಮನೆಯ ಕಥೆಯೇ ಆಗಿತ್ತು.

ವಿಜಯನಗರದಲ್ಲಿ ನಾಯಕರಿಗೆ ಸಂಬಳ ಇರಲಿಲ್ಲ, ಅದರ ಬದಲು ಸೀಮೆ ಕೊಡುತ್ತಿದ್ದರು. ಆ ಸೀಮೆಯ ಕಂದಾಯದಲ್ಲಿ ರಾಜನಿಗೆ ಇಷ್ಟು ಕೊಡಬೇಕು, ಇಷ್ಟು ಕಾಲಾಳು, ಕುದುರೆ, ಆನೆ ಸಾಕಬೇಕು ಅಂತ ನಿಗದಿ ಇತ್ತು. ಪೋರ್ಚುಗೀಸ್ ವ್ಯಾಪಾರಿ ನ್ಯೂನಿಜ್, ಅಚ್ಯುತರಾಯನ ಕಾಲದ ಒಬ್ಬ ಮಂತ್ರಿಯ ಲೆಕ್ಕ ಬರೆದಿಟ್ಟಿದ್ದಾನೆ. ಅವನ ಆದಾಯ 11 ಲಕ್ಷ ವರಹ. ಅದರಲ್ಲಿ ಮೂರನೇ ಒಂದು ಭಾಗ ರಾಜನಿಗೆ. ಉಳಿದದ್ದರಲ್ಲಿ 30,000 ಕಾಲಾಳು, 3,000 ಕುದುರೆ, 30 ಆನೆ ಸಾಕಬೇಕು. ಆದರೆ ಆತ ಅಷ್ಟು ಸೈನ್ಯ ಇಡದೆ ದುಡ್ಡು ಉಳಿಸಿಕೊಳ್ಳುತ್ತಿದ್ದನಂತೆ!

ಗಮನಿಸಿ, ಇದು ಗರಿಷ್ಠ ಮಿತಿ ಅಲ್ಲ, ಕನಿಷ್ಠ ಮಿತಿ. ಐಪಿಎಲ್‌ನಲ್ಲೂ ಪರ್ಸ್‌ನ 75% ಖರ್ಚು ಮಾಡಲೇಬೇಕು ಅನ್ನೋ ನಿಯಮ ಇದೆ. ಇಲ್ಲದಿದ್ದರೆ ಮಾಲೀಕರು ತಂಡ ಕಟ್ಟದೆ ಲಾಭ ಮಾತ್ರ ಎಣಿಸುತ್ತಾರೆ.

ಇನ್ನು ಗರಿಷ್ಠ ಮಿತಿಯ ಕೆಲಸ ಮಾಡಿದ್ದು ಕುದುರೆ. ನ್ಯೂನಿಜ್ ಬರೆದಂತೆ ರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ. ಅದರಲ್ಲಿ ಒಳ್ಳೆಯವು ತನ್ನ ಲಾಯಕ್ಕೆ, ಉಳಿದವನ್ನು ನಾಯಕರಿಗೆ ಮಾರಾಟ! ಹೀಗಾಗಿ ರಾಜನಿಗಿಂತ ಒಳ್ಳೆ ಕುದುರೆಪಡೆ ಕಟ್ಟೋದು ನಾಯಕರಿಗೆ ಕಷ್ಟವಿತ್ತು.

ಈ ಸೈನ್ಯದಿಂದಲೇ ಅವನು 1514ರಲ್ಲಿ ಉದಯಗಿರಿ, 1515ರಲ್ಲಿ ಕೊಂಡವೀಡು, 1520ರಲ್ಲಿ ರಾಯಚೂರು ಗೆದ್ದ. ದುಡ್ಡೆಲ್ಲ ಯುದ್ಧಕ್ಕೇ ಸುರಿಯಲಿಲ್ಲ. 1521ರಲ್ಲಿ ಕಟ್ಟಿಸಿದ ಬಸವಣ್ಣ ಕಾಲುವೆ ಹೊಸಪೇಟೆ ಕಡೆಯ ಗದ್ದೆಗಳಿಗೆ ನೀರು ಕೊಟ್ಟಿತು.

ಕೊನೆಯ ವರ್ಷಗಳು ಮಾತ್ರ ನೋವಿನವು. 1524ರ ಹೊತ್ತಿಗೆ ಪುಟ್ಟ ಮಗ ತಿರುಮಲ ತೀರಿಕೊಂಡ. ವಿಷ ಹಾಕಿಸಿದ ಅನುಮಾನ ಮಂತ್ರಿ ತಿಮ್ಮರಸನ ಮೇಲೆ ಬಂತು, ಅವನ ಕಣ್ಣು ಕೀಳಿಸಿದ ಅಂತ ನ್ಯೂನಿಜ್ ಬರೆಯುತ್ತಾನೆ. 1529ರಲ್ಲಿ ರಾಯನೂ ಹೋದ.

ಮುಂದೆ ಸದಾಶಿವರಾಯ ಹೆಸರಿಗೆ ಮಾತ್ರ ರಾಜ, ಅಧಿಕಾರವೆಲ್ಲ ಕೃಷ್ಣದೇವರಾಯನ ಅಳಿಯ ರಾಮರಾಯನ ಕೈಯಲ್ಲಿ. 1565ರಲ್ಲಿ ಅವನು ಯುದ್ಧದಲ್ಲಿ ಸತ್ತ, ಹಂಪಿ ಹಾಳಾಯ್ತು. ಕೃಷ್ಣದೇವರಾಯ ತಡೆಯಲು ನೋಡಿದ್ದೇ ಅವನ ಮನೆಯೊಳಗೆ ಮತ್ತೆ ನಡೆಯಿತು. ನಿಯಮ ಬರೆದಿಟ್ಟರೆ ಸಾಲದು, ಲೆಕ್ಕ ಕೇಳೋ ಗಟ್ಟಿ ಮನುಷ್ಯನೂ ಬೇಕು.