ನಾದನಿಷ್ಠ ಶ್ರೀ ಮಲ್ಲಿಕಾರ್ಜುನ ಮನಸೂರರು

ಕೃಷ್ಣಾ ಘಟಪ್ರಭೆಗಳ ನಡುವಣ ನಮ್ಮ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ಜನರು ನಾಟಕದ ಪದಗಳಿಗೂ ಭಜನೆಗೂ ಒಲಿದವರು. ಚಪ್ಪಾಳೆಯ ಸುಖವನ್ನು ಬಲ್ಲ ಈ ನಾಡಿಗೆ, ಆ ಸುಖವನ್ನು ದಾಟಿ ನಡೆದ ಗಾಯಕರೊಬ್ಬರ ಚರಿತ್ರೆಯು ಬೋಧಪ್ರದವಾದುದು.

ಶ್ರೀ ಮಲ್ಲಿಕಾರ್ಜುನ ಮನಸೂರರು 1910ನೆಯ ಇಸವಿ ಡಿಸೆಂಬರ 31ರಂದು ಧಾರವಾಡದ ಸಮೀಪದ ಮನಸೂರ ಗ್ರಾಮದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ನಾಟಕ ಮಂಡಳಿಯನ್ನು ಸೇರಿ ಕಂಠಮಾಧುರ್ಯದಿಂದ ಜನಾನುರಾಗವನ್ನು ಪಡೆದರು. ಅಪ್ಪಯ್ಯಸ್ವಾಮಿಗಳಲ್ಲಿ ಕರ್ನಾಟಕ ಸಂಗೀತದ ಪಾಠವಾಯಿತು. ಬಳಿಕ, ಜಮಖಂಡಿಯಂತೆಯೇ ಪಟವರ್ಧನರ ಸಂಸ್ಥಾನವಾಗಿದ್ದ ಮಿರಜಿನಲ್ಲಿ, ನೀಲಕಂಠಬುವಾ ಆಲೂರಮಠರ ಸನ್ನಿಧಿಯಲ್ಲಿ ಗ್ವಾಲಿಯರ ಪದ್ಧತಿಯನ್ನು ವರ್ಷಗಟ್ಟಲೆ ಅಭ್ಯಸಿಸಿದರು. ಗದುಗಿನ ಪಂಚಾಕ್ಷರಿ ಗವಾಯಿಗಳಿಗೂ ವಿದ್ಯೆಯನ್ನಿತ್ತವರು ಈ ಮಹನೀಯರೇ.

ಯೌವನದಲ್ಲಿಯೇ ಗ್ರಾಮೊಫೋನಿನ ತಟ್ಟೆಗಳ ಮೂಲಕ ಮನಸೂರರ ಕೀರ್ತಿಯು ಹಬ್ಬಿತು. ಇನ್ನೊಬ್ಬರಾಗಿದ್ದರೆ ಅಷ್ಟಕ್ಕೇ ತೃಪ್ತರಾಗುತ್ತಿದ್ದರು. ಇವರಾದರೋ ಅಲ್ಲಾದಿಯಾಖಾನರ ಪುತ್ರರಾದ ಮಂಜೀಖಾನರಲ್ಲಿ ಮತ್ತೆ ಶಿಷ್ಯತ್ವವನ್ನು ವಹಿಸಿದರು. ಹೆಸರಾದ ಗಾಯಕನು ಪುನಃ ಮೊದಲ ಪಾಠಕ್ಕೆ ಕೂಡುವುದು ಸಾಮಾನ್ಯವಾದ ಧೈರ್ಯವಲ್ಲ. 1937ರಲ್ಲಿ ಗುರುಗಳು ಕಾಲವಶರಾಗಲು, ಧೃತಿಗೆಡದೆ ಅವರ ಸಹೋದರರಾದ ಬುರ್ಜೀಖಾನರಲ್ಲಿ ಶಿಕ್ಷಣವನ್ನು ಮುಂದುವರಿಸಿದರು.

ಈ ಜಯಪುರ-ಅತ್ರೌಲಿ ಪರಂಪರೆಯ ಗಾಯನವು ಕೇಳಿದೊಡನೆ ಒಲಿಯುವಂಥದಲ್ಲ. ಚೀಜಿನ ನುಡಿ, ಸ್ವರ, ಲಯಗಳನ್ನು ಒಂದಾಗಿ ಹೆಣೆಯುತ್ತ ತಾಳದ ಸಮಕ್ಕೆ ಬಂದು ಸೇರುವುದು ಅದರ ಕ್ರಮ, ಕೇಳುವವನೂ ಎಚ್ಚರದಿಂದಿರಬೇಕು. ಶಿವಮತ ಭೈರವ, ಏಕ ನಿಷಾದ ಬಿಹಾಗಡಾ, ಬಹಾದುರಿ ತೋಡಿ ಮುಂತಾದ ಅಪೂರ್ವ ರಾಗಗಳು ಅನೇಕರಿಗೆ ಅಪರಿಚಿತವಾಗಿದ್ದವು. ಜನರು ಬೇಡಿದ್ದನ್ನು ಕೊಡುವುದಕ್ಕಿಂತ, ತಾವು ಕಂಡುಕೊಂಡದ್ದನ್ನು ಜನರ ಮುಂದಿಡುವುದೇ ಅವರ ವ್ರತವಾಗಿದ್ದಿತು. ಶರಣರ ವಚನಗಳನ್ನು ಹಾಡುವಾಗಲೂ ಅದೇ ಶ್ರದ್ಧೆ.

ರಾಷ್ಟ್ರದ ಮನ್ನಣೆಯು ತಡವಾಗಿ ಬಂದಿತು. ಪದ್ಮಶ್ರೀ ದೊರೆತದ್ದು 1970ರಲ್ಲಿ, ಅರುವತ್ತರ ಸಮೀಪದಲ್ಲಿ, ಪದ್ಮಭೂಷಣವು 1976ರಲ್ಲಿ, ಪದ್ಮವಿಭೂಷಣವು 1992ರಲ್ಲಿ. ಅದೇ ವರ್ಷ ಸೆಪ್ಟೆಂಬರ 12ರಂದು ಅವರು ಲಿಂಗೈಕ್ಯರಾದರು. ಬಿರುದುಗಳು ಬಾರದ ದಶಕಗಳಲ್ಲಿಯೂ ಅವರ ಸಾಧನೆಯು ಕುಂದಲಿಲ್ಲವೆಂಬುದೇ ಇಲ್ಲಿ ಗಮನಿಸತಕ್ಕ ಮಾತು.

ರಬಕವಿ-ಬನಹಟ್ಟಿಯ ಒಳ್ಳೆಯ ನೇಕಾರನು, ಕೊಳ್ಳುವವನ ಕಣ್ಣಿಗೆ ಬೀಳದ ಕಡೆಯಲ್ಲಿಯೂ ಎಳೆಯನ್ನು ಸಡಿಲ ಬಿಡುವುದಿಲ್ಲ. ಅದು ಕಾಯಕದ ಸತ್ಯಶುದ್ಧಿ. ಮನಸೂರರ ಗಾಯನವೂ ಅಂಥ ಕಾಯಕವೇ ಆಗಿದ್ದಿತು. ನಮ್ಮ ಮಠದ ಪಾಠಶಾಲೆಗಳಲ್ಲಿ ಶ್ರುತಿ ಹಿಡಿಯುವ ಮಕ್ಕಳು ಮೊದಲು ಕಲಿಯಬೇಕಾದುದು ಇದನ್ನೇ.